ಬಿಕ್ಕಟ್ಟು ಬಂತು ಸರಿ, ಬಿಲ್ ಯಾರ ಕೈಗೆ ಹೋಯಿತು?

ಪ್ರಶ್ನೆ: 2008ರ ಆರ್ಥಿಕ ಕುಸಿತದ ನಂತರ ಒಂದರ ಹಿಂದೆ ಒಂದು ದೇಶದಲ್ಲಿ ಪಾಪ್ಯುಲಿಸ್ಟ್ ಪಕ್ಷಗಳು ಗೆಲ್ಲುತ್ತಿವೆ. ಕೆಲವರು ಜಾಗತೀಕರಣ ಕಾರಣ ಎನ್ನುತ್ತಾರೆ. ಕೆಲವರು ಬ್ಯಾಂಕುಗಳ ಕುಸಿತ ಕಾರಣ ಎನ್ನುತ್ತಾರೆ. ಇದೆಲ್ಲ ವಲಸಿಗರ ಮೇಲಿನ ಸಿಟ್ಟು ಅಷ್ಟೇ ಎನ್ನುವವರೂ ಇದ್ದಾರೆ. ಯಾವುದು ನಿಜ? ಕೆಲಸ ಕಳೆದುಕೊಂಡ ಕಾರ್ಮಿಕ ಎಡಪಕ್ಷಕ್ಕೆ ಹೋಗದೆ ಕೋಟ್ಯಧಿಪತಿಗೆ ಯಾಕೆ ಮತ ಹಾಕುತ್ತಾನೆ? ಆರ್ಥಿಕತೆ ಸುಧಾರಿಸಿದರೆ ಇದು ತಣ್ಣಗಾಗುತ್ತದೆಯೇ?

ಉತ್ತರ: ನೀವು ಹೇಳಿದ ಮೂರೂ ಕಾರಣಗಳಲ್ಲಿ ಸತ್ಯಾಂಶ ಇದೆ. ಆದರೆ ಮೂರನ್ನೂ ಸುಮ್ನೆ ಕೂಡಿಸಿದರೆ ಉತ್ತರ ಸಿಗುವುದಿಲ್ಲ. ಬರೀ ಕಷ್ಟ ಬಂದರೆ ಪಾಪ್ಯುಲಿಸಂ ಹುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಷ್ಟದ ಬಿಲ್ ತಪ್ಪು ಮಾಡದವರ ಕೈಗೆ ಹೋಗಬೇಕು. ಅದೇ ಹೊತ್ತಿಗೆ ಇರುವ ದೊಡ್ಡ ಪಕ್ಷಗಳೆಲ್ಲ ಒಂದೇ ದನಿಯಲ್ಲಿ "ಬೇರೆ ದಾರಿಯೇ ಇಲ್ಲ" ಅನ್ನಬೇಕು. ಇವೆರಡೂ ಒಟ್ಟಿಗೆ ಆದಾಗ ಮತದಾರ ಹೊರಗಿನವನ ಕಡೆ ತಿರುಗುತ್ತಾನೆ. ಎರಡರಲ್ಲಿ ಒಂದು ತಪ್ಪಿದರೂ ಕಥೆ ಬೇರೆಯಾಗುತ್ತದೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಉಚಿತ ಯೋಜನೆ ಘೋಷಿಸುವುದೇ ಪಾಪ್ಯುಲಿಸಂ ಅಲ್ಲ. ಡಚ್ ರಾಜ್ಯಶಾಸ್ತ್ರಜ್ಞ ಕಾಸ್ ಮುಡ್ಡೆ ಕೊಟ್ಟ ವಿವರಣೆಯನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಪಾಪ್ಯುಲಿಸ್ಟ್ ನಾಯಕನ ಕಣ್ಣಲ್ಲಿ ಸಮಾಜದಲ್ಲಿ ಇರುವುದು ಎರಡೇ ಗುಂಪು: ಒಂದು ಕಡೆ ಪ್ರಾಮಾಣಿಕ ಜನ, ಇನ್ನೊಂದು ಕಡೆ ಅವರನ್ನು ವಂಚಿಸುವ ಮೇಲಿನವರು. ಜನರ ಪರವಾಗಿ ಮಾತಾಡುವವನು ನಾನೊಬ್ಬನೇ ಎಂದು ನಾಯಕ ಹೇಳುತ್ತಾನೆ. ಈ ಚೌಕಟ್ಟಿನೊಳಗೆ ಎಡಪಂಥವನ್ನೂ ಕೂರಿಸಬಹುದು, ಬಲಪಂಥವನ್ನೂ ಕೂರಿಸಬಹುದು. ಹಾಗಾಗಿಯೇ ಗ್ರೀಸಿನ ಎಡಪಕ್ಷ ಸಿರಿಜಾ ಮತ್ತು ಹಂಗೇರಿಯ ಬಲಪಕ್ಷ ಫಿಡೆಸ್ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಅವುಗಳ ನಡುವೆ ಬೇರೆ ಹೋಲಿಕೆ ಜಾಸ್ತಿ ಇಲ್ಲ.

ಇದು 2008ರಲ್ಲಿ ಶುರುವಾದದ್ದೂ ಅಲ್ಲ. ಈ ಹೆಸರು ಬಂದದ್ದೇ ಜಾಗತೀಕರಣದ ಮೊದಲ ಅಲೆಯಲ್ಲಿ. 1870ರ ನಂತರ ಉಗಿಹಡಗು, ರೈಲು, ತಂತಿ ಸಂದೇಶ ಎಲ್ಲ ಸೇರಿ ಪ್ರಪಂಚದ ಗೋಧಿ ಮಾರುಕಟ್ಟೆಯನ್ನು ಒಂದು ಮಾಡಿದವು. ಅಮೆರಿಕದ ಕ್ಯಾನ್ಸಸ್‌ನ ರೈತ ಈಗ ರಷ್ಯಾ, ಅರ್ಜೆಂಟೀನಾದ ರೈತರ ಜೊತೆ ಪೈಪೋಟಿ ನಡೆಸಬೇಕಾಯಿತು. 1890ರ ದಶಕದ ನಡುವಿನ ಹೊತ್ತಿಗೆ ಗೋಧಿಯ ಬೆಲೆ ಎರಡು ದಶಕದ ಹಿಂದಿನದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಸಾಲ ಮಾತ್ರ ಇಳಿಯಲಿಲ್ಲ. ಡಾಲರ್ ಚಿನ್ನಕ್ಕೆ ಕಟ್ಟಿಕೊಂಡಿತ್ತು, ಹಣ ಬಿಗಿಯಾಗಿತ್ತು. ಬೆಳೆಯ ಬೆಲೆ ಬಿದ್ದಷ್ಟೂ ಹಳೆಯ ಸಾಲದ ಭಾರ ಏರುತ್ತಾ ಹೋಯಿತು. ಸಾಲದ ಮೇಲೆ ರೈಲು ಕಂಪನಿಗಳ ಸಾಗಣೆ ದರ ಬೇರೆ. ಆ ದರದ ಬಗ್ಗೆ ರೈತ ಚೌಕಾಶಿ ಮಾಡುವ ಹಾಗೇ ಇರಲಿಲ್ಲ.

ಆಗಿನ ಎರಡೂ ದೊಡ್ಡ ಪಕ್ಷಗಳ ನಾಯಕರು ಚಿನ್ನದ ಡಾಲರನ್ನು ಮುಟ್ಟಲು ತಯಾರಿರಲಿಲ್ಲ. ಆಗ ರೈತರು ತಮ್ಮದೇ ಪೀಪಲ್ಸ್ ಪಾರ್ಟಿ ಕಟ್ಟಿದರು. ಪಾಪ್ಯುಲಿಸ್ಟ್ ಎಂಬ ಹೆಸರು ಅಂಟಿದ್ದು ಅವರಿಗೇ. 1892ರಲ್ಲಿ ಒಮಾಹಾ ನಗರದಲ್ಲಿ ಸೇರಿ ಬೇಡಿಕೆಗಳ ಪಟ್ಟಿ ಮಾಡಿದರು. ಆದಾಯ ಹೆಚ್ಚಿದಂತೆ ಹೆಚ್ಚುವ ತೆರಿಗೆ, ರೈಲ್ವೆ ಸರ್ಕಾರದ ಕೈಗೆ, ಹಣದ ಬಿಗಿ ಸಡಿಲಾಗಲು ಬೆಳ್ಳಿ ನಾಣ್ಯಕ್ಕೆ ಅವಕಾಶ, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವ ಹಕ್ಕು. ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಆ ವರ್ಷ 10 ಲಕ್ಷಕ್ಕೂ ಹೆಚ್ಚು ಮತ ಬಂತು. ನಾಲ್ಕು ವರ್ಷದ ನಂತರ ಡೆಮಾಕ್ರಟಿಕ್ ಪಕ್ಷ ಬೆಳ್ಳಿಯ ಬೇಡಿಕೆಯನ್ನು ತನ್ನದಾಗಿಸಿಕೊಂಡಿತು. ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನು ಕಣಕ್ಕಿಳಿಸಿ ಸೋತಿತು. ಪಾಪ್ಯುಲಿಸ್ಟ್ ಪಕ್ಷ ಅಲ್ಲಿಗೆ ಕರಗಿಹೋಯಿತು.

ಪಕ್ಷ ಕರಗಿದರೂ ಬೇಡಿಕೆಗಳು ಕರಗಲಿಲ್ಲ. 1913ರಲ್ಲಿ ಅಮೆರಿಕದ ಸಂವಿಧಾನಕ್ಕೆ ಎರಡು ತಿದ್ದುಪಡಿ ಬಂದವು. ಒಂದು ಆದಾಯ ತೆರಿಗೆಗೆ ದಾರಿ ಮಾಡಿತು, ಇನ್ನೊಂದು ಸೆನೆಟರುಗಳ ನೇರ ಚುನಾವಣೆಗೆ. ಹುಚ್ಚು ಬೇಡಿಕೆ ಎಂದು ನಗೆಯಾಡಿದ್ದನ್ನೇ ದೊಡ್ಡ ಪಕ್ಷಗಳು ತಮ್ಮದು ಎಂದು ಜಾರಿ ಮಾಡಿದವು. ಪಾಪ್ಯುಲಿಸಂ ಅಂದ ಕೂಡಲೇ ಕೆಟ್ಟದ್ದು ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಕೆಟ್ಟ ಉದಾಹರಣೆಗೂ ಕೊರತೆ ಇಲ್ಲ. ಜರ್ಮನಿಯಲ್ಲಿ ನಾಜಿ ಪಕ್ಷಕ್ಕೆ 1928ರಲ್ಲಿ ಬಂದ ಮತ ಶೇ 2.6. 1932ರ ಜುಲೈನಲ್ಲಿ ಅದು ಶೇ 37 ದಾಟಿತ್ತು. ನಡುವೆ ಏನಾಯಿತು? 1929ರ ಷೇರುಪೇಟೆ ಕುಸಿತ, ಆಮೇಲೆ ಬ್ಯಾಂಕುಗಳ ಕುಸಿತ, 60 ಲಕ್ಷದಷ್ಟು ನಿರುದ್ಯೋಗಿಗಳು. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಚಾನ್ಸಲರ್ ಹೈನ್‌ರಿಕ್ ಬ್ರೂನಿಂಗ್ ಅವರ ಕಥೆ. 1930ರಿಂದ 1932ರವರೆಗೆ ಅವರು ತುರ್ತು ಆದೇಶಗಳ ಮೂಲಕ ಸಂಬಳ ಕಡಿದರು, ನಿರುದ್ಯೋಗ ಭತ್ಯೆ ಕಡಿದರು, ತೆರಿಗೆ ಏರಿಸಿದರು. ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಟರು ಇದನ್ನು ಸಹಿಸಿಕೊಂಡು ಕೂತರು. ಹಿಟ್ಲರ್ ಬರದಿರಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಫಲಿತಾಂಶ ತಿರುಗುಮುರುಗಾಯಿತು. ಕಡಿತಕ್ಕೆ ವಿರೋಧವಾಗಿ ನಿಂತವರು ಎರಡು ತುದಿಗಳಲ್ಲಿ ಮಾತ್ರ ಉಳಿದರು: ಕಮ್ಯುನಿಸ್ಟರು ಮತ್ತು ನಾಜಿಗಳು.

ಅದೇ ಹೊತ್ತಿಗೆ ಅಮೆರಿಕದಲ್ಲೂ ನಾಲ್ವರಲ್ಲಿ ಒಬ್ಬನಿಗೆ ಕೆಲಸ ಇರಲಿಲ್ಲ. ಅಲ್ಲೂ ಹ್ಯೂಯಿ ಲಾಂಗ್ ಎಂಬ ಲೂಸಿಯಾನಾದ ನಾಯಕ ಶ್ರೀಮಂತರ ಸಂಪತ್ತು ಹಂಚುತ್ತೇನೆ ಎಂದು ಊರೂರು ಸುತ್ತುತ್ತಿದ್ದ. ಆದರೆ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲೇ ಚಿನ್ನದ ಕಟ್ಟು ಸಡಿಲಿಸಿದರು, ಸರ್ಕಾರಿ ಕೆಲಸ ಹುಟ್ಟಿಸಿದರು. 1935ರಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾನೂನು ತಂದರು, ದೊಡ್ಡ ಆದಾಯದ ಮೇಲೆ ತೆರಿಗೆ ಏರಿಸಿದರು. ಕಷ್ಟ ಎರಡೂ ದೇಶದಲ್ಲಿ ಒಂದೇ ತೂಕದ್ದು. ಒಂದು ಕಡೆ ಮುಖ್ಯ ಪಕ್ಷವೇ ಬೇರೆ ದಾರಿ ತೋರಿಸಿತು, ಇನ್ನೊಂದು ಕಡೆ ಯಾರೂ ತೋರಿಸಲಿಲ್ಲ. ಯುದ್ಧದಲ್ಲಿ ಸೋತ ಅವಮಾನ, ಆಗತಾನೇ ಹುಟ್ಟಿದ್ದ ಗಣರಾಜ್ಯ ಇಂಥ ಬೇರೆ ಕಾರಣಗಳೂ ಜರ್ಮನಿಯಲ್ಲಿ ಇದ್ದವು, ಅದನ್ನು ಮರೆಯಬಾರದು.

ಈಗ ನಮ್ಮ ಕಾಲಕ್ಕೆ ಬರೋಣ. ಜಾಗತೀಕರಣದ ಪಾಲು ಎಷ್ಟು ಎನ್ನುವುದಕ್ಕೆ ಒಳ್ಳೆಯ ಪುರಾವೆ ಇರುವುದು ಚೀನಾದ ವಿಷಯದಲ್ಲಿ.

ಚೀನಾ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅಗ್ಗದ ಪೀಠೋಪಕರಣ, ಬಟ್ಟೆ, ಆಟಿಕೆ, ಎಲೆಕ್ಟ್ರಾನಿಕ್ಸ್ ಅಮೆರಿಕಕ್ಕೆ ಪ್ರವಾಹದಂತೆ ಬಂದವು. ಅರ್ಥಶಾಸ್ತ್ರದ ಪಾಠ ಏನು ಹೇಳುತ್ತಿತ್ತು? ಕೆಲವು ಕಾರ್ಖಾನೆ ಮುಚ್ಚುತ್ತವೆ, ಅಲ್ಲಿಯವರು ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಾರೆ, ಒಟ್ಟಾರೆ ದೇಶಕ್ಕೆ ಲಾಭ. ಲಾಭದ ಮಾತು ನಿಜವೇ. ಸಾಮಾನು ಅಗ್ಗವಾಯಿತು, ಕಂಪನಿಗಳು ಬೆಳೆದವು. ಚೀನಾದಲ್ಲಿ ಕೋಟಿಗಟ್ಟಲೆ ಜನ ಬಡತನದಿಂದ ಹೊರಬಂದರು. ಅದು ಮನುಷ್ಯ ಇತಿಹಾಸದಲ್ಲೇ ದೊಡ್ಡ ಸಂಗತಿ. ಎಡವಿದ್ದು ಆ "ಬೇರೆ ಊರಿಗೆ ಹೋಗುತ್ತಾರೆ" ಎಂಬಲ್ಲಿ.

ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಊರೂರು ಲೆಕ್ಕ ಹಾಕಿ ತೋರಿಸಿತು. ಪೆಟ್ಟು ದೇಶದ ತುಂಬಾ ಸಮನಾಗಿ ಬಿದ್ದಿರಲಿಲ್ಲ. ನಾರ್ತ್ ಕ್ಯಾರೊಲಿನಾ, ವರ್ಜೀನಿಯಾದ ಪೀಠೋಪಕರಣದ ಊರುಗಳು, ಬಟ್ಟೆ ಗಿರಣಿಯ ಊರುಗಳು, ಹೀಗೆ ಒಂದೇ ಕಸುಬು ನಂಬಿಕೊಂಡ ಕಡೆ ಬಿದ್ದಿತ್ತು. ಜನ ಊರು ಬಿಡಲಿಲ್ಲ. ಮನೆ ಅಲ್ಲಿದೆ, ವಯಸ್ಸಾದ ತಂದೆತಾಯಿ ಅಲ್ಲಿದ್ದಾರೆ. ಮನೆ ಮಾರೋಣವೆಂದರೆ ಕಾರ್ಖಾನೆ ಮುಚ್ಚಿದ ಊರಲ್ಲಿ ಕೊಳ್ಳುವವರು ಯಾರು? ಕಾರ್ಖಾನೆ ಹೋದ ಮೇಲೆ ಅದರ ಪಕ್ಕದ ಹೋಟೆಲ್, ಗ್ಯಾರೇಜ್, ಅಂಗಡಿಗಳಿಗೂ ಗಿರಾಕಿ ಇಲ್ಲ. 1999ರಿಂದ 2011ರವರೆಗೆ ಚೀನಾದ ಆಮದಿನಿಂದ ಹೋದ ಒಟ್ಟು ಕೆಲಸ 20ರಿಂದ 24 ಲಕ್ಷ ಎಂದು ಇದೇ ಗುಂಪಿನ ಮುಂದಿನ ಅಧ್ಯಯನ ಅಂದಾಜು ಮಾಡಿತು. ದೊಡ್ಡ ದೇಶಕ್ಕೆ ಇದು ದೊಡ್ಡ ಸಂಖ್ಯೆ ಅಲ್ಲ ಎನ್ನಬಹುದು. ಆದರೆ ಅದು ಬಿದ್ದದ್ದು ಕೆಲವೇ ಜಿಲ್ಲೆಗಳ ತಲೆಯ ಮೇಲೆ, ಅಲ್ವಾ?

ಯಂತ್ರಗಳೂ ಕೆಲಸ ನುಂಗಿದವು, ಅದನ್ನು ಪಕ್ಕಕ್ಕಿಡುವ ಹಾಗಿಲ್ಲ. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಕೆಲಸಗಾರರಿದ್ದರು. 2010ರ ಆರಂಭಕ್ಕೆ ಅದು ಸುಮಾರು 1 ಕೋಟಿ 15 ಲಕ್ಷಕ್ಕೆ ಇಳಿಯಿತು. ಇದರಲ್ಲಿ ಚೀನಾದ ಪಾಲು ಒಂದು ಭಾಗ ಮಾತ್ರ. ಆದರೆ ಯಂತ್ರದ ವಿರುದ್ಧ ಭಾಷಣ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ವ್ಯಾಪಾರ ಒಪ್ಪಂದಕ್ಕೆ ಸಹಿ ಇರುತ್ತದೆ, ತಾರೀಖು ಇರುತ್ತದೆ, ಸಹಿ ಹಾಕಿದವರ ಫೋಟೋ ಇರುತ್ತದೆ. ಬೆರಳು ಮಾಡಿ ತೋರಿಸಲು ಅದು ಸಲೀಸು.

ಹೀಗೆ ಕೆಲಸ ಕಳೆದುಕೊಂಡವರಿಗಾಗಿಯೇ ಅಮೆರಿಕದಲ್ಲಿ ಒಂದು ಯೋಜನೆ ಇತ್ತು. ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್. 1962ರಲ್ಲಿ ಕೆನಡಿ ಆಡಳಿತ ತಂದದ್ದು. ಆಮದಿನಿಂದ ಕೆಲಸ ಹೋದರೆ ತರಬೇತಿ, ಭತ್ಯೆ ಕೊಡುತ್ತೇವೆ ಎಂಬುದು ಮಾತು. ಮಾರುಕಟ್ಟೆ ತೆರೆಯುವುದಕ್ಕೆ ಕಾರ್ಮಿಕರು ಒಪ್ಪಲಿ ಎಂದು ಮಾಡಿಕೊಂಡ ಒಪ್ಪಂದ ಅದು. ಪೆಟ್ಟು ಬಿದ್ದ ಊರುಗಳಲ್ಲಿ ಈ ಯೋಜನೆಯಿಂದ ಬಂದ ಹಣ ತೀರಾ ಚಿಕ್ಕದಾಗಿತ್ತು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಹಣ ಬಂದದ್ದು ಅಂಗವೈಕಲ್ಯ ಪಿಂಚಣಿಯಿಂದ. ಅಂದರೆ ಜನ ಮತ್ತೆ ಕೆಲಸ ಹಿಡಿಯಲಿಲ್ಲ, ಕೆಲಸದ ಪ್ರಪಂಚದಿಂದಲೇ ಹೊರಬಿದ್ದರು.

ಇದೇ ತಂಡ ಮುಂದೆ ಮತಗಳನ್ನೂ ನೋಡಿತು. ಚೀನಾದ ಆಮದಿನ ಪೆಟ್ಟು ಬಿದ್ದ ಕಡೆ ಮಧ್ಯದ ನಿಲುವಿನ ರಾಜಕಾರಣಿಗಳು ಸೋಲುತ್ತಾ ಬಂದರು. ಬಿಳಿಯರು ಹೆಚ್ಚಿರುವ ಕ್ಷೇತ್ರಗಳು ಕಟ್ಟಾ ಬಲಕ್ಕೆ ಸರಿದವು. ಕರಿಯರು, ಲ್ಯಾಟಿನೋಗಳು ಹೆಚ್ಚಿರುವ ಕ್ಷೇತ್ರಗಳು ಎಡಕ್ಕೆ ಸರಿದವು. ಪೆಟ್ಟು ಒಂದೇ, ಓಡಿದ ದಿಕ್ಕು ಬೇರೆ. ನಿಮ್ಮ ವಲಸಿಗರ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜಾಗತೀಕರಣ ಹೀಗೆ ಮೆಲ್ಲಗೆ ಕೊರೆಯುತ್ತಿದ್ದಾಗ 2008 ಬಂತು. ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಮುಂದಿನ ತಿಂಗಳೇ ಬ್ಯಾಂಕುಗಳನ್ನು ಉಳಿಸಲು ಅಮೆರಿಕದ ಸಂಸತ್ತು 70,000 ಕೋಟಿ ಡಾಲರ್‌ಗೆ ಒಪ್ಪಿಗೆ ಕೊಟ್ಟಿತು. ಆರ್ಥಿಕವಾಗಿ ನೋಡಿದರೆ ಏನೂ ಮಾಡದೆ ಕೂತಿದ್ದರೆ ಗತಿ ಇನ್ನೂ ಕೆಟ್ಟದಾಗುತ್ತಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಹಣದ ಬಹುಪಾಲು ಆಮೇಲೆ ಸರ್ಕಾರಕ್ಕೆ ವಾಪಸ್ ಕೂಡ ಬಂತು. ಆದರೆ ಜನ ನೋಡಿದ್ದು ಬೇರೆ. ಸರ್ಕಾರ ಉಳಿಸಿದ ವಿಮಾ ಕಂಪನಿ ಎಐಜಿ, 2009ರ ಮಾರ್ಚ್‌ನಲ್ಲಿ ತನ್ನ ಸಿಬ್ಬಂದಿಗೆ 16.5 ಕೋಟಿ ಡಾಲರ್ ಬೋನಸ್ ಕೊಟ್ಟಿತು. ಅದೂ ನಷ್ಟ ತಂದ ವಿಭಾಗದವರಿಗೇ. ಅದೇ ಹೊತ್ತಿಗೆ ಲಕ್ಷಾಂತರ ಕುಟುಂಬಗಳ ಮನೆಯನ್ನು ಬ್ಯಾಂಕುಗಳು ಜಪ್ತಿ ಮಾಡುತ್ತಿದ್ದವು. ಹೋಟೆಲಿನಲ್ಲಿ ಉಂಡೆದ್ದವರು ಒಬ್ಬರು, ಬಿಲ್ ಕೊಡಲು ಎಳೆದು ತಂದದ್ದು ಬೀದಿಯಲ್ಲಿ ಹೋಗುತ್ತಿದ್ದವನನ್ನು. ಆ ಸಿಟ್ಟಿನಿಂದ ಬಲಕ್ಕೆ ಟೀ ಪಾರ್ಟಿ ಚಳವಳಿ ಹುಟ್ಟಿತು, 2011ರಲ್ಲಿ ಎಡಕ್ಕೆ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿ ಹುಟ್ಟಿತು.

ಇದಕ್ಕೆ ಇತಿಹಾಸದ ಅಂಕಿಅಂಶವೂ ಇದೆ. ಮ್ಯಾನುಯೆಲ್ ಫುಂಕೆ, ಮೋರಿಟ್ಸ್ ಶುಲಾರಿಕ್, ಕ್ರಿಸ್ಟೋಫ್ ಟ್ರೆಬೆಶ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞರು 1870ರಿಂದ 2014ರವರೆಗಿನ 20 ಮುಂದುವರಿದ ದೇಶಗಳ 800ಕ್ಕೂ ಹೆಚ್ಚು ಚುನಾವಣೆಗಳನ್ನು ಜಾಲಾಡಿದರು. ಹಣಕಾಸು ಬಿಕ್ಕಟ್ಟಿನ ನಂತರ ಕಟ್ಟಾ ಬಲಪಕ್ಷಗಳ ಮತ ಸರಾಸರಿ ಶೇ 30ರಷ್ಟು ಏರುತ್ತದೆ. ಕುತೂಹಲದ ವಿಷಯ ಅಂದರೆ, ಸಾಮಾನ್ಯ ಆರ್ಥಿಕ ಹಿಂಜರಿತದ ನಂತರ ಹೀಗೆ ಆಗುವುದಿಲ್ಲ. ಕಚ್ಚಾ ತೈಲದ ಬೆಲೆ ಏರಿ ಕಷ್ಟ ಬಂದರೆ ಜನ ಸಹಿಸುತ್ತಾರೆ. ಬ್ಯಾಂಕಿನವರ ದುರಾಸೆಯಿಂದ ಬಂದರೆ ಸಹಿಸುವುದಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಯೂರೋಪಿನಲ್ಲಿ ಇದು ಇನ್ನೂ ಒರಟಾಗಿ ನಡೆಯಿತು. ಗ್ರೀಸನ್ನೇ ನೋಡಿ. ಅಲ್ಲಿಯ ಸರ್ಕಾರಗಳು ಲೆಕ್ಕ ಮುಚ್ಚಿಟ್ಟಿದ್ದವು. 2009ರ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದ ಸೋಷಿಯಲಿಸ್ಟ್ ಪಕ್ಷ ಪಾಸೋಕ್‌ನ ಸರ್ಕಾರ ಅದನ್ನು ಬಯಲು ಮಾಡಿತು. 2010ರ ಮೇನಲ್ಲಿ ಯೂರೋಪಿಯನ್ ಒಕ್ಕೂಟ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸೇರಿ 11,000 ಕೋಟಿ ಯೂರೋ ಸಾಲ ಕೊಡಲು ಒಪ್ಪಿದವು. ಹಣದ ಹೆಚ್ಚಿನ ಪಾಲು ಹಿಂದೆ ಸಾಲ ಕೊಟ್ಟಿದ್ದವರಿಗೆ ಹೋಯಿತು. ಅದರಲ್ಲಿ ಫ್ರಾನ್ಸ್, ಜರ್ಮನಿಯ ಬ್ಯಾಂಕುಗಳೂ ಇದ್ದವು. ಗ್ರೀಕ್ ಜನರಿಗೆ ಬಂದದ್ದು ಷರತ್ತು: ಪಿಂಚಣಿ ಕಡಿತ, ಸಂಬಳ ಕಡಿತ, ತೆರಿಗೆ ಏರಿಕೆ. ಇಷ್ಟು ಕಡಿದರೆ ಆರ್ಥಿಕತೆ ಎಷ್ಟು ಕುಗ್ಗುತ್ತದೆ ಎಂಬ ಐಎಂಎಫ್‌ನ ಅಂದಾಜು ತಪ್ಪಿತು. ನಿಜವಾದ ಪೆಟ್ಟು ಅದಕ್ಕಿಂತ ಬಹಳ ಜಾಸ್ತಿ ಇತ್ತು ಎಂದು ಐಎಂಎಫ್‌ನ ಅರ್ಥಶಾಸ್ತ್ರಜ್ಞರೇ ಆಮೇಲೆ ಬರೆದರು. ಐದಾರು ವರ್ಷದಲ್ಲಿ ಗ್ರೀಸಿನ ಆರ್ಥಿಕತೆ ಸುಮಾರು ಕಾಲುಭಾಗ ಕುಗ್ಗಿತು. 2013ರಲ್ಲಿ ನಿರುದ್ಯೋಗ ಶೇ 27 ದಾಟಿತು. ಯುವಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಇರಲಿಲ್ಲ.

ರಾಜಕೀಯ ಭಾಗ ಇದಕ್ಕಿಂತ ಮುಖ್ಯ. 2011ರ ಕೊನೆಯಲ್ಲಿ ಪ್ರಧಾನಿ ಪಪಾಂಡ್ರೇಯು ಸಾಲದ ಷರತ್ತುಗಳ ಬಗ್ಗೆ ಜನಮತ ಕೇಳುತ್ತೇನೆ ಎಂದರು. ಯೂರೋಪಿನ ನಾಯಕರು ಕೆಂಡವಾದರು. ಜನಮತದ ಮಾತು ಬಿದ್ದುಹೋಯಿತು, ಪ್ರಧಾನಿಯೂ ಹೋದರು. ಅವರ ಜಾಗಕ್ಕೆ ಬಂದವರು ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ ಮಾಜಿ ಉಪಾಧ್ಯಕ್ಷ ಲೂಕಾಸ್ ಪಪಾಡೆಮೋಸ್. ಅದೇ ತಿಂಗಳು ಇಟಲಿಯಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಮಾರಿಯೋ ಮೊಂಟಿ ಪ್ರಧಾನಿಯಾದರು. ಇಬ್ಬರೂ ಚುನಾವಣೆಗೆ ನಿಂತು ಗೆದ್ದು ಬಂದವರಲ್ಲ. ಇಬ್ಬರಿಗೂ ದೊಡ್ಡ ಪಕ್ಷಗಳೆಲ್ಲ ಸೇರಿ ಬೆಂಬಲ ಕೊಟ್ಟವು. ಮತದಾರ ಯಾವ ಗುಂಡಿ ಒತ್ತಿದರೂ ಒಂದೇ ನೀತಿ ಎಂದಾಯಿತು.

ಆಮೇಲಿನ ಫಲಿತಾಂಶ ನೋಡಿ. ಪಾಸೋಕ್ 2009ರಲ್ಲಿ ಶೇ 44ರಷ್ಟು ಮತ ಪಡೆದಿದ್ದ ಪಕ್ಷ. 2015ರ ಜನವರಿಯಲ್ಲಿ ಅದಕ್ಕೆ ಬಂದದ್ದು ಶೇ 5ಕ್ಕಿಂತ ಕಡಿಮೆ. ಶೇ 5ರ ಒಳಗಿದ್ದ ಸಿರಿಜಾ ಶೇ 36 ಪಡೆದು ಸರ್ಕಾರ ರಚಿಸಿತು. ಲೆಕ್ಕಕ್ಕೇ ಇಲ್ಲದ ನವನಾಜಿ ಗುಂಪು ಗೋಲ್ಡನ್ ಡಾನ್ 2012ರಲ್ಲಿ ಸಂಸತ್ತಿಗೆ ನುಗ್ಗಿತು. ಇಟಲಿಯಲ್ಲಿ ಹಾಸ್ಯನಟ ಬೆಪ್ಪೆ ಗ್ರಿಲ್ಲೋ ಕಟ್ಟಿದ ಫೈವ್ ಸ್ಟಾರ್ ಚಳವಳಿ 2013ರಲ್ಲಿ ನಾಲ್ಕನೇ ಒಂದು ಭಾಗ ಮತ ತೆಗೆದುಕೊಂಡಿತು. ಸಿರಿಜಾ 2015ರ ಜುಲೈ 5ರಂದು ನಿಜಕ್ಕೂ ಜನಮತ ನಡೆಸಿತು. ಶೇ 61 ಮಂದಿ ಷರತ್ತು ಬೇಡ ಎಂದರು. ಹತ್ತು ದಿನದೊಳಗೆ ಅದೇ ಸಿರಿಜಾ ಷರತ್ತುಗಳಿಗೆ ಒಪ್ಪಿಕೊಂಡಿತು. ಸಿಟ್ಟನ್ನು ಸರ್ಕಾರವಾಗಿಸುವುದು ಸುಲಭ, ನೀತಿಯಾಗಿಸುವುದು ಕಷ್ಟ.

ಇಷ್ಟು ಓದಿದ ಮೇಲೆ "ಹಾಗಾದರೆ ಬಿಕ್ಕಟ್ಟು ಆಳವಾದಷ್ಟೂ ಪಾಪ್ಯುಲಿಸಂ ಜಾಸ್ತಿ" ಎಂದು ನಿಮಗೆ ಅನಿಸಬಹುದು. ಪೋಲೆಂಡ್ ಅದಕ್ಕೆ ಅಡ್ಡ ಬರುತ್ತದೆ. 2009ರಲ್ಲಿ ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ ಬೆಳವಣಿಗೆ ಕಂಡದ್ದು ಪೋಲೆಂಡ್ ಒಂದೇ. ಆದರೂ 2015ರಲ್ಲಿ ಅಲ್ಲಿ ಬಲಪಂಥದ ಪಾಪ್ಯುಲಿಸ್ಟ್ ಪಕ್ಷ ಲಾ ಆಂಡ್ ಜಸ್ಟಿಸ್ ಸ್ವಂತ ಬಲದಲ್ಲಿ ಗೆದ್ದಿತು. ಬೆಳವಣಿಗೆ ದೊಡ್ಡ ನಗರಗಳಲ್ಲಿ ನಿಂತಿತ್ತು. ಯುವಕರಿಗೆ ಸಿಗುತ್ತಿದ್ದದ್ದು ಭದ್ರತೆಯಿಲ್ಲದ ಗುತ್ತಿಗೆ ಕೆಲಸ. ಹಿಂದಿನ ಸರ್ಕಾರ ನಿವೃತ್ತಿ ವಯಸ್ಸನ್ನು 67ಕ್ಕೆ ಏರಿಸಿತ್ತು. ಲೆಕ್ಕದ ಪುಸ್ತಕದಲ್ಲಿ ದೇಶ ಚೆನ್ನಾಗಿತ್ತು, ಪೂರ್ವ ಭಾಗದ ಸಣ್ಣ ಊರುಗಳಲ್ಲಿ ಅಲ್ಲ.

ಪೋರ್ಚುಗಲ್ ಇದರ ಉಲ್ಟಾ. 2011ರಲ್ಲಿ 7,800 ಕೋಟಿ ಯೂರೋ ಸಾಲ, ಗ್ರೀಸಿನ ಥರದ್ದೇ ಕಡಿತ. ಆದರೂ ಅಲ್ಲಿ ಪಾಪ್ಯುಲಿಸ್ಟ್ ಪಕ್ಷ ಬೆಳೆಯಲಿಲ್ಲ. 2015ರಲ್ಲಿ ಸೋಷಿಯಲಿಸ್ಟ್ ನಾಯಕ ಆಂಟೋನಿಯೊ ಕೋಸ್ಟಾ ಕಮ್ಯುನಿಸ್ಟರ ಮತ್ತು ಇತರ ಎಡಪಕ್ಷಗಳ ಬೆಂಬಲದಿಂದ ಪ್ರಧಾನಿಯಾದರು. ಕಡಿದ ಸಂಬಳ ವಾಪಸ್ ಕೊಟ್ಟರು, ಕನಿಷ್ಠ ಕೂಲಿ ಏರಿಸಿದರು. ಬೇರೆ ದಾರಿ ಇದೆ ಎಂದು ಹಳೆಯ ಪಕ್ಷವೇ ತೋರಿಸಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2019ರಲ್ಲಿ ಶೇಗಾ ಎಂಬ ಬಲಪಂಥದ ಹೊಸ ಪಕ್ಷ ಒಂದು ಸೀಟು ಗೆದ್ದಿತು. 2024ರಲ್ಲಿ 50, 2025ರಲ್ಲಿ 60 ಸೀಟು ಪಡೆದು ಸೀಟುಗಳ ಲೆಕ್ಕದಲ್ಲಿ ಎರಡನೇ ಸ್ಥಾನಕ್ಕೆ ಬಂತು. ಆರ್ಥಿಕತೆ ಸುಧಾರಿಸಿದ ಮೇಲೆ! ಮನೆಗಳ ಬೆಲೆ ಕೈಗೆಟುಕದಂತಾಗಿತ್ತು. ವಲಸೆ ಏರಿತ್ತು. 2023ರಲ್ಲಿ ಭ್ರಷ್ಟಾಚಾರದ ತನಿಖೆಯ ನಡುವೆ ಕೋಸ್ಟಾ ರಾಜೀನಾಮೆ ಕೊಟ್ಟಿದ್ದರು. ಸುಧಾರಿಸಿದರೆ ತಣ್ಣಗಾಗುತ್ತದೆಯೇ ಎಂದು ಕೇಳಿದಿರಿ. ಪೋರ್ಚುಗಲ್ ನೋಡಿದರೆ ಹೌದು ಎನ್ನಲು ಧೈರ್ಯ ಬರುವುದಿಲ್ಲ.

ಇನ್ನು ಆ ಕೋಟ್ಯಧಿಪತಿಯ ಪ್ರಶ್ನೆ. ಮೊದಲು ಒಂದು ತಿದ್ದುಪಡಿ. ತೀರಾ ಬಡವರೇ ಇಂಥ ನಾಯಕರ ಹಿಂದೆ ಹೋಗುತ್ತಾರೆ ಎಂಬುದು ಅಷ್ಟು ನಿಜವಲ್ಲ. 2016ರಲ್ಲಿ ಅಮೆರಿಕದ ಅತಿ ಕಡಿಮೆ ಆದಾಯದವರಲ್ಲಿ ಹೆಚ್ಚಿನವರು ಹಿಲರಿ ಕ್ಲಿಂಟನ್ ಪರ ಇದ್ದರು ಎಂದು ಮತಗಟ್ಟೆ ಸಮೀಕ್ಷೆ ಹೇಳಿತು. ಟ್ರಂಪ್ ಕಡೆ ವಾಲಿದವರಲ್ಲಿ ಒಂದು ಕಾಲಕ್ಕೆ ಚೆನ್ನಾಗಿದ್ದ ಊರುಗಳವರು ಬಹಳ. ಅವರಿಗೆ ಸ್ವಂತ ಕೆಲಸ ಇರಬಹುದು, ಮನೆಯೂ ಇರಬಹುದು. ಆದರೆ ಊರು ಕುಸಿಯುತ್ತಿದೆ, ಮಕ್ಕಳು ಊರು ಬಿಟ್ಟಿದ್ದಾರೆ, ಮುಂದಿನ ಸರದಿ ನಮ್ಮದೇ ಎಂಬ ದಿಗಿಲು ಇದೆ.

ಅವರು ಎಡಪಕ್ಷಕ್ಕೆ ಯಾಕೆ ಹೋಗಲಿಲ್ಲ? ಮಾರುಕಟ್ಟೆಯ ಬಾಗಿಲು ತೆರೆದವರ, ಕಡಿತ ತಂದವರ ಹೆಸರಿನ ಪಟ್ಟಿ ನೋಡಿ. ಉತ್ತರ ಅಮೆರಿಕದ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದವನ್ನು ಸಂಸತ್ತಿನಲ್ಲಿ ಪಾಸು ಮಾಡಿಸಿದ್ದು, ಚೀನಾಕ್ಕೆ ಕಾಯಂ ವ್ಯಾಪಾರ ಸೌಲಭ್ಯ ಕೊಟ್ಟದ್ದು ಡೆಮಾಕ್ರಟ್ ಬಿಲ್ ಕ್ಲಿಂಟನ್. ಜರ್ಮನಿಯಲ್ಲಿ ನಿರುದ್ಯೋಗ ಭತ್ಯೆ ಬಿಗಿ ಮಾಡಿದ್ದು ಸೋಷಿಯಲ್ ಡೆಮಾಕ್ರಟ್ ಗೆರ್ಹಾರ್ಡ್ ಶ್ರೋಡರ್. ಗ್ರೀಸಿನಲ್ಲಿ ಮೊದಲ ಷರತ್ತಿಗೆ ಸಹಿ ಹಾಕಿದ್ದು ಪಾಸೋಕ್. ಕಾರ್ಮಿಕರ ಪಕ್ಷವೇ ಒಪ್ಪಂದದ ಇನ್ನೊಂದು ಬದಿಯಲ್ಲಿ ಕೂತಿದ್ದಾಗ ಕಾರ್ಮಿಕ ಯಾರ ಹತ್ತಿರ ಹೋಗಬೇಕು? ಶ್ರೀಮಂತನೇ ಆಗಲಿ, ಆ ಮೇಜಿನ ಸುತ್ತ ಕೂತವರನ್ನು ಬೈಯುವವನು ಅವನಿಗೆ ತನ್ನವನಾಗಿ ಕಂಡ.

ಎಡ-ಬಲದ ಬಗ್ಗೆ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಒಂದು ಒಳ್ಳೆಯ ಮಾತು ಹೇಳುತ್ತಾರೆ. ಜಾಗತೀಕರಣ ಯಾವ ರೂಪದಲ್ಲಿ ಕಣ್ಣಿಗೆ ಬೀಳುತ್ತದೆ ಎಂಬುದರ ಮೇಲೆ ಸಿಟ್ಟಿನ ದಿಕ್ಕು ನಿಂತಿದೆ. ಲ್ಯಾಟಿನ್ ಅಮೆರಿಕದಲ್ಲಿ ಅದು ಕಂಡದ್ದು ವಿದೇಶಿ ಬಂಡವಾಳ, ಐಎಂಎಫ್ ಷರತ್ತುಗಳ ರೂಪದಲ್ಲಿ. ವೆನೆಜುವೆಲಾದಲ್ಲಿ 1989ರಲ್ಲಿ ಐಎಂಎಫ್ ಮಾದರಿಯ ಸುಧಾರಣೆಯ ಭಾಗವಾಗಿ ಬಸ್ ದರ ಏರಿದಾಗ ಕರಾಕಸ್ ಹೊತ್ತಿ ಉರಿಯಿತು, ನೂರಾರು ಜನ ಸತ್ತರು. ಒಂಬತ್ತು ವರ್ಷದ ನಂತರ ಗೆದ್ದದ್ದು ಎಡಪಂಥದ ಹ್ಯೂಗೊ ಚಾವೆಜ್. ಯೂರೋಪಿನ ಉತ್ತರ ಭಾಗದಲ್ಲಿ ಅದು ವಲಸಿಗನ ರೂಪದಲ್ಲಿ ಕಂಡಿತು, ಹಾಗಾಗಿ ಬಲಕ್ಕೆ ತಿರುಗಿತು. ಜರ್ಮನಿಯ ಎಎಫ್‌ಡಿ ಪಕ್ಷವನ್ನು 2013ರಲ್ಲಿ ಕಟ್ಟಿದವರಲ್ಲಿ ಯೂರೋ ವಿರೋಧಿ ಅರ್ಥಶಾಸ್ತ್ರದ ಪ್ರೊಫೆಸರುಗಳಿದ್ದರು. 2015ರಲ್ಲಿ ನಿರಾಶ್ರಿತರ ಅಲೆ ಬಂದ ಮೇಲೆ ಅದು ವಲಸೆ ವಿರೋಧಿ ಪಕ್ಷವಾಗಿ ಹಬ್ಬಿತು. 2025ರ ಚುನಾವಣೆಯಲ್ಲಿ ಅದಕ್ಕೆ ಶೇ 20ಕ್ಕೂ ಹೆಚ್ಚು ಮತ ಬಂತು.

ಹಾಗಾದರೆ ಇದು ಹಣದ ಸಿಟ್ಟೋ, ಸಂಸ್ಕೃತಿಯ ಸಿಟ್ಟೋ? ಈ ಜಗಳ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ನಡೆಯುತ್ತಿದೆ. ನನ್ನ ತಿಳಿವಳಿಕೆ ಇಷ್ಟು: ಹೊರಗಿನವರ ಬಗ್ಗೆ ಅಸಮಾಧಾನ ಎಲ್ಲ ಸಮಾಜದಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಆಸ್ಪತ್ರೆಯ ಸಾಲು ಉದ್ದವಾದಾಗ, ಮನೆ ಸಿಗದೇ ಹೋದಾಗ ಅದಕ್ಕೆ ಮತದ ಬಲ ಬರುತ್ತದೆ. ಬ್ರಿಟನ್‌ನಲ್ಲಿ 2010ರಿಂದ ಕ್ಯಾಮರೂನ್ ಸರ್ಕಾರ ಕಲ್ಯಾಣ ಖರ್ಚು ಕಡಿಯಿತು. ಕಡಿತದ ಪೆಟ್ಟು ಜಾಸ್ತಿ ಬಿದ್ದ ಪ್ರದೇಶಗಳಲ್ಲಿ ಯೂರೋಪ್ ವಿರೋಧಿ ಯುಕೆಐಪಿ ಪಕ್ಷದ ಮತ ಜಾಸ್ತಿ ಏರಿತು ಎಂದು ಅರ್ಥಶಾಸ್ತ್ರಜ್ಞ ಥಿಯೆಮೊ ಫೆಟ್ಜರ್ ತೋರಿಸಿದ್ದಾರೆ. 2016ರಲ್ಲಿ ಬ್ರೆಕ್ಸಿಟ್, ಅಂದರೆ ಯೂರೋಪಿಯನ್ ಒಕ್ಕೂಟ ಬಿಡುವ ನಿಲುವು, ಗೆದ್ದದ್ದು ಶೇ 51.9 ಮತದಿಂದ. ಅಷ್ಟು ಸಣ್ಣ ಅಂತರದಲ್ಲಿ ಕಡಿತದ ಪಾಲು ಸಣ್ಣದಲ್ಲ.

ಗೆದ್ದ ಮೇಲೆ ಇವರು ಜನರ ಕಷ್ಟ ತೀರಿಸುತ್ತಾರೆಯೇ? ಕೆಲವು ಸಲ ಸ್ವಲ್ಪ ಮಟ್ಟಿಗೆ ಹೌದು. ಪೋಲೆಂಡಿನ ಲಾ ಆಂಡ್ ಜಸ್ಟಿಸ್ ಸರ್ಕಾರ 2016ರಲ್ಲಿ ಎರಡನೇ ಮಗುವಿನಿಂದ ಹಿಡಿದು ಪ್ರತಿ ಮಗುವಿಗೂ ತಿಂಗಳಿಗೆ 500 ಜ್ಲೋಟಿ ಕೊಡಲು ಶುರು ಮಾಡಿತು. ಬಡ ಕುಟುಂಬಗಳಿಗೆ ಅದು ನಿಜವಾದ ನೆರವು. ಅದೇ ಸರ್ಕಾರ ನ್ಯಾಯಾಲಯಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟದ್ದೂ ನಿಜ. ಸರಾಸರಿ ನೋಡಿದರೆ ಚಿತ್ರ ಚೆನ್ನಾಗಿಲ್ಲ. ಮೇಲೆ ಹೇಳಿದ ಜರ್ಮನ್ ತಂಡವೇ 1900ರಿಂದ 2020ರವರೆಗಿನ 51 ಪಾಪ್ಯುಲಿಸ್ಟ್ ಅಧ್ಯಕ್ಷರು, ಪ್ರಧಾನಿಗಳ ಲೆಕ್ಕ ತೆಗೆಯಿತು. ಅವರು ಬಂದ 15 ವರ್ಷಕ್ಕೆ ತಲಾ ಆದಾಯ, ಬರದಿದ್ದರೆ ಇರಬಹುದಾದದ್ದಕ್ಕಿಂತ ಸುಮಾರು ಶೇ 10 ಕಡಿಮೆ ಇತ್ತು. ವೆನೆಜುವೆಲಾ ಇದರ ಅತಿರೇಕ. 70 ಲಕ್ಷಕ್ಕೂ ಹೆಚ್ಚು ಜನ ಆ ದೇಶ ಬಿಟ್ಟಿದ್ದಾರೆ.

ಸುಂಕದ ಕಥೆ ಇನ್ನೂ ವಿಚಿತ್ರ. 2018ರಲ್ಲಿ ಟ್ರಂಪ್ ವಾಷಿಂಗ್ ಮಷೀನ್ ಮೇಲೆ ಸುಂಕ ಹಾಕಿದರು. ಸುಮಾರು 1,800 ಕೆಲಸ ಹುಟ್ಟಿದವು. ಬೆಲೆ ಏರಿದ್ದರಿಂದ ಗ್ರಾಹಕರ ಜೇಬಿನಿಂದ ಹೋದ ಹಣ ಲೆಕ್ಕ ಹಾಕಿದರೆ ಒಂದೊಂದು ಕೆಲಸಕ್ಕೆ 8 ಲಕ್ಷ ಡಾಲರ್‌ಗೂ ಹೆಚ್ಚು ಬಿತ್ತು. ಚೀನಾ ಸೋಯಾ ಮೇಲೆ ತಿರುಗಿ ಸುಂಕ ಹಾಕಿತು. ರೈತರಿಗೆ ಪರಿಹಾರವಾಗಿ ಅಮೆರಿಕ ಸರ್ಕಾರ 2018 ಮತ್ತು 2019ರಲ್ಲಿ ಒಟ್ಟು 2,800 ಕೋಟಿ ಡಾಲರ್ ನೆರವು ಘೋಷಿಸಬೇಕಾಯಿತು. ಆಟರ್ ಮತ್ತು ಜೊತೆಗಾರರು 2024ರಲ್ಲಿ ಇದನ್ನೂ ಅಳೆದರು. ಸುಂಕದ ರಕ್ಷಣೆ ಸಿಕ್ಕ ಊರುಗಳಲ್ಲಿ ಕೆಲಸ ಹೆಚ್ಚಲಿಲ್ಲ. ತಿರುಗಿ ಬಿದ್ದ ಸುಂಕದಿಂದ ಕೆಲವು ಕಡೆ ಕೆಲಸ ಹೋಯಿತು. ಆದರೂ ರಕ್ಷಣೆ ಸಿಕ್ಕ ಊರುಗಳಲ್ಲಿ ಟ್ರಂಪ್‌ಗೆ ಬೆಂಬಲ ಏರಿತು.

ಇದನ್ನು ನೋಡಿ ಮತದಾರರಿಗೆ ಬುದ್ಧಿ ಇಲ್ಲ ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಇಪ್ಪತ್ತು ವರ್ಷ ಯಾರೂ ತಿರುಗಿ ನೋಡದ ಊರಿನ ಹೆಸರು ಹಿಡಿದು ಒಬ್ಬ ಏನೋ ಒಂದು ಮಾಡಿದ. ಫಲ ಬಾರದಿದ್ದರೂ ನಮ್ಮ ಕಡೆಯವನು ಎಂಬ ಭಾವನೆ ಹುಟ್ಟಿತು. ಸರಿಯಾದ ಅರ್ಥಶಾಸ್ತ್ರ ಗೊತ್ತಿದ್ದ ಪಕ್ಷಗಳು ಆ ಊರಿಗೆ ಹೋಗಲೇ ಇಲ್ಲ.

ಆರ್ಥಿಕತೆ ಸುಧಾರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಹೇಳಬಲ್ಲೆ. ಒಟ್ಟು ಜಿಡಿಪಿ ಏರಿದ ಮಾತ್ರಕ್ಕೆ ಪಾಪ್ಯುಲಿಸಂ ಇಳಿಯುವುದಿಲ್ಲ. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ, ಅಲ್ಲಿಯವರಿಗೆ ಏನು ಸಿಗುತ್ತದೆ ಎಂಬುದನ್ನು ನೋಡಬೇಕು. ಪೆಟ್ರೋಲ್ ಕಾರಿನಿಂದ ವಿದ್ಯುತ್ ಕಾರಿಗೆ ಹೋಗುವಾಗ ಎಂಜಿನ್ ಭಾಗ ಮಾಡುವ ಊರುಗಳಿವೆ, ಕಲ್ಲಿದ್ದಲು ನಿಲ್ಲಿಸುವಾಗ ಗಣಿ ಊರುಗಳಿವೆ. ಈ ಸಲವೂ ಪೆಟ್ಟು ದೇಶದ ತುಂಬಾ ಸಮನಾಗಿ ಬೀಳುವುದಿಲ್ಲ.

ಕೆನಡಿ ಕಾಲದ ಆ ಯೋಜನೆ ಏನಾಯಿತು ಗೊತ್ತೇ? ಅದರ ಅವಧಿ 2022ರ ಜುಲೈ 1ಕ್ಕೆ ಮುಗಿಯಿತು. ಆಗಿನ ಸಂಸತ್ತು ಅದನ್ನು ಮುಂದುವರಿಸಲಿಲ್ಲ. ಅಂದಿನಿಂದ ಆಮದಿನ ಪೈಪೋಟಿಯಲ್ಲಿ ಕೆಲಸ ಕಳೆದುಕೊಂಡವರ ಹೊಸ ಅರ್ಜಿಗಳಿಗೆ ಅಲ್ಲಿ ಮಂಜೂರಾತಿ ನಿಂತುಹೋಯಿತು.